ಮಾನವ ಹಕ್ಕುಗಳ ಆಯೋಗಕ್ಕೆ ದೂರು: ಶುಲ್ಕವಿಲ್ಲದ ಒಂದು ಸೇವೆಯ ವಿಮರ್ಶೆ

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಲಿ, ಕರ್ನಾಟಕ ರಾಜ್ಯ ಆಯೋಗಕ್ಕಾಗಲಿ ದೂರು ಕೊಡುವುದಕ್ಕೆ ಶುಲ್ಕವಿಲ್ಲ. ವಕಾಲತ್ತು ಬೇಡ, ಛಾಪಾ ಕಾಗದ ಬೇಡ, ನೋಟರಿಯ ಮೊಹರೂ ಬೇಡ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಸಹಿ ಮಾಡಿ ಅಂಚೆಗೆ ಹಾಕಿದರೂ ಅದು ದೂರೇ. ನೊಂದವರೇ ಬರೆಯಬೇಕೆಂಬ ಕಟ್ಟಳೆಯಿಲ್ಲ. ಅವರ ಪರವಾಗಿ ಯಾರು ಬೇಕಾದರೂ ಬರೆಯಬಹುದು. ಸರ್ಕಾರದ ಇಷ್ಟು ಅಗ್ಗದ ಬಾಗಿಲು ಮತ್ತೊಂದು ಸಿಗುವುದು ಕಷ್ಟ. ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತ ಬಂದಿರುವ ನನಗೆ ಈ ಸೇವೆಯ ಬಗ್ಗೆ ಕೇಳಿಬರುವ ಅಭಿಪ್ರಾಯಗಳು ಎರಡೇ: ‘ಅಲ್ಲಿಗೊಂದು ಕಾಗದ ಹೋದರೆ ಸಾಕು, ಸ್ಟೇಷನ್ನಿನವರು ದಾರಿಗೆ ಬರುತ್ತಾರೆ’ ಎನ್ನುವವರು ಕೆಲವರು, ‘ಬರೆದು ಏನು ಪ್ರಯೋಜನ, ಎಲ್ಲ ಒಂದೇ’ ಎನ್ನುವವರು ಉಳಿದವರು. ಇಬ್ಬರ ಮಾತೂ ಅರ್ಧ ನಿಜ. ಈ ಆಯೋಗ ಸರ್ಕಾರವನ್ನು ಪ್ರಶ್ನಿಸಿ, ಅದರಿಂದ ಲಿಖಿತ ಉತ್ತರ ತರಿಸಿಕೊಳ್ಳುವುದರಲ್ಲಿ ಗಟ್ಟಿ; ಆ ಉತ್ತರ ಸುಳ್ಳೆಂದು ಕಂಡಾಗ ತನ್ನ ಮಾತನ್ನು ನಡೆಸಿಕೊಳ್ಳುವುದರಲ್ಲಿ ದುರ್ಬಲ. ಇದನ್ನು ತಿಳಿದು ಬಳಸಿದವರಿಗೆ ಇದು ಉಪಯುಕ್ತ, ತಿಳಿಯದೆ ನೆಚ್ಚಿದವರಿಗೆ ನಿರಾಶೆ ಖಂಡಿತ.

ಇಂಥದೊಂದು ಕಚೇರಿ ಇರಬೇಕೆಂಬ ಆಲೋಚನೆಯ ಬೇರು 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿದೆ. 48 ದೇಶಗಳು ಪರವಾಗಿ ಮತ ಹಾಕಿದವು, 8 ತಟಸ್ಥವಾಗಿ ಉಳಿದವು, ವಿರುದ್ಧವಾಗಿ ಯಾರೂ ಮತ ಹಾಕಲಿಲ್ಲ. ಮೊದಲನೆಯ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬರ್ಥಕ್ಕೆ ಎಡೆಯಿದ್ದ ಮಾತನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಘೋಷಣೆಯ ವಿಷಯ ಬಂದಾಗಲೆಲ್ಲ ಸಭೆ ಸಮಾರಂಭಗಳಲ್ಲಿ ಉದ್ಧರಿಸುವುದು ಈ ಮೊದಲನೆಯ ವಿಧಿಯನ್ನೇ. ಬಳಕೆದಾರನಾಗಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಎಂಟನೆಯ ವಿಧಿ: ಮೂಲಭೂತ ಹಕ್ಕಿಗೆ ಭಂಗ ಬಂದಾಗ ಸಮರ್ಥ ನ್ಯಾಯಮಂಡಳಿಯಿಂದ ಪರಿಣಾಮಕಾರಿ ಪರಿಹಾರ ಪಡೆಯುವುದೂ ಒಂದು ಹಕ್ಕು ಎಂದು ಅದು ಹೇಳುತ್ತದೆ. ಮೂವತ್ತು ವಿಧಿಗಳಲ್ಲಿ ಉಳಿದದ್ದೆಲ್ಲ ಎಷ್ಟೇ ಉದಾತ್ತವಾಗಿರಲಿ, ಕಷ್ಟಕ್ಕೆ ಸಿಕ್ಕಿದವನು ಹೋಗಿ ನಿಲ್ಲುವ ಕೌಂಟರ್ ಯಾವುದು ಎಂಬ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ. ನಮ್ಮ ದೇಶದಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟುಗಳು ಆ ಕೆಲಸವನ್ನು ಮೊದಲಿನಿಂದಲೂ ಮಾಡುತ್ತ ಬಂದಿವೆ. ಆದರೆ ರಿಟ್ ಅರ್ಜಿಯ ಖರ್ಚು, ಓಡಾಟ, ವಕೀಲರ ಶುಲ್ಕ ಇವೆಲ್ಲ ಎಲ್ಲರಿಗೂ ಎಟುಕುವಂಥದ್ದಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅದೇ ವರ್ಷದ ಅಕ್ಟೋಬರ್ 12ರಂದು ಸ್ಥಾಪನೆಯಾದ ರಾಷ್ಟ್ರೀಯ ಆಯೋಗ ಈ ಕೊರತೆಯನ್ನು ತುಂಬಬೇಕಾಗಿತ್ತು.

ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳಿರುವಾಗ ‘ಸಾರ್ವತ್ರಿಕ’ ಹಕ್ಕಿನ ಮಾತೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ಈ ಆಯೋಗದ ಅತ್ಯುತ್ತಮ ಕೆಲಸಗಳಲ್ಲೊಂದೇ ಉತ್ತರ. 1960ರ ದಶಕದಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಕಪ್ತಾಯ್ ಅಣೆಕಟ್ಟೆಯಿಂದ ನೆಲೆ ಕಳೆದುಕೊಂಡ ಚಕ್ಮಾ ಜನ ಭಾರತಕ್ಕೆ ಬಂದರು; ಸರ್ಕಾರವೇ ಅವರಲ್ಲಿ ಅನೇಕರನ್ನು ಈಗಿನ ಅರುಣಾಚಲ ಪ್ರದೇಶದಲ್ಲಿ ನೆಲೆಗೊಳಿಸಿತು. ಮೂರು ದಶಕಗಳ ತರುವಾಯ ‘ರಾಜ್ಯ ಬಿಟ್ಟು ಹೊರಡಿ’ ಎಂದು ಸ್ಥಳೀಯ ಸಂಘಟನೆಗಳು ಗಡುವು ಕೊಟ್ಟಾಗ ಅವರ ಪರವಾಗಿ ಮಾತನಾಡಲು ಶಾಸಕರಿರಲಿಲ್ಲ, ಏಕೆಂದರೆ ಅವರಿಗೆ ಮತವೇ ಇರಲಿಲ್ಲ. ಆಗ ಆಯೋಗ ತಾನೇ ಅರ್ಜಿದಾರನಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ 21ನೆಯ ವಿಧಿ ಕಾಪಾಡುವುದು ಪ್ರತಿಯೊಬ್ಬ ಮನುಷ್ಯನ ಜೀವವನ್ನು, ಅವನು ನಾಗರಿಕನೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ ಎಂದು 1996ರ ಜನವರಿಯಲ್ಲಿ ನ್ಯಾಯಾಲಯ ಹೇಳಿತು. ಅವರನ್ನು ಬಲವಂತವಾಗಿ ಹೊರದಬ್ಬದಂತೆ ನೋಡಿಕೊಳ್ಳುವ ಹೊಣೆಯನ್ನು ರಾಜ್ಯದ ಮೇಲೆ ಹೊರಿಸಿತು. ಬೈಲಕುಪ್ಪೆಯ ಟಿಬೆಟನ್ ವಸಾಹತನ್ನು ನೋಡಿದ ನಮ್ಮ ಕಡೆಯವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಪೌರತ್ವದ ಕಾಗದವಿಲ್ಲದವನ ಪರವಾಗಿ ಸರ್ಕಾರಿ ಸಂಸ್ಥೆಯೊಂದು ಇನ್ನೊಂದು ಸರ್ಕಾರದ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದಿತು ಎಂಬುದು ಸಣ್ಣ ಸಂಗತಿಯಲ್ಲ.

ಇನ್ನು ಸೇವೆಯನ್ನು ಬಳಸುವ ಬಗೆ. ರಾಷ್ಟ್ರೀಯ ಆಯೋಗಕ್ಕೆ ಅಂಚೆಯಲ್ಲದೆ ಆನ್‌ಲೈನ್ ಮೂಲಕವೂ ದೂರು ಸಲ್ಲಿಸಬಹುದು. ಸಲ್ಲಿಸಿದೊಡನೆ ಡೈರಿ ಸಂಖ್ಯೆ ಸಿಗುತ್ತದೆ, ಅದನ್ನು ಹಿಡಿದು ಕಡತ ಎಲ್ಲಿದೆ ಎಂದು ಮನೆಯಿಂದಲೇ ನೋಡಬಹುದು. ತಾಲ್ಲೂಕು ಕಚೇರಿಯ ಕಡತಗಳ ಹಿಂದೆ ಅಲೆದವರಿಗೆ ಇದೊಂದೇ ದೊಡ್ಡ ಸಮಾಧಾನ. ನಮೂನೆ ಕೇಳುವುದು ದೂರುದಾರರ ವಿವರ, ನೊಂದವರ ವಿವರ, ಘಟನೆಯ ಸ್ಥಳ ಮತ್ತು ದಿನಾಂಕ, ಯಾವ ಅಧಿಕಾರಿಯ ಮೇಲೆ ದೂರು, ಇದೇ ವಿಷಯ ಬೇರೆ ನ್ಯಾಯಾಲಯದಲ್ಲಿ ಅಥವಾ ರಾಜ್ಯ ಆಯೋಗದಲ್ಲಿ ಇದೆಯೇ, ಏನು ಪರಿಹಾರ ಬೇಕು, ಇಷ್ಟೇ. ಜನ ಎಡವುವುದು ಘಟನೆಯನ್ನು ಬರೆಯುವ ಕಡೆ. ‘ಪೊಲೀಸರು ನಮ್ಮ ಕುಟುಂಬಕ್ಕೆ ಬಹಳ ಹಿಂಸೆ ಕೊಡುತ್ತಿದ್ದಾರೆ, ದಯವಿಟ್ಟು ನ್ಯಾಯ ಕೊಡಿಸಿ’ ಎಂದು ಬರೆದುಕೊಂಡು ಬಂದವರಿಗೆ ನಾನು ಅದನ್ನು ಹರಿದು ಹೀಗೆ ಬರೆಸುತ್ತೇನೆ: ಮಂಗಳವಾರ ರಾತ್ರಿ ಒಂಬತ್ತೂವರೆಗೆ ಇಂಥ ಠಾಣೆಯ ಇಬ್ಬರು ಕಾನ್‌ಸ್ಟೇಬಲ್‌ಗಳು ನನ್ನ ತಮ್ಮನನ್ನು ಮನೆಯಿಂದ ಕರೆದೊಯ್ದರು, ಒಬ್ಬರು ಸಮವಸ್ತ್ರದಲ್ಲಿರಲಿಲ್ಲ, ಬಂಧನದ ಕಾರಣ ಹೇಳಲಿಲ್ಲ, ಯಾವ ಕಾಗದಕ್ಕೂ ನಮ್ಮ ಸಹಿ ತೆಗೆದುಕೊಳ್ಳಲಿಲ್ಲ, ಗುರುವಾರ ಸಂಜೆಯವರೆಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಿಲ್ಲ, ಶುಕ್ರವಾರ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ದಾಖಲೆ ಮಾಡಿಸಿದೆವು. ಎರಡನೆಯದರಲ್ಲಿ ಪ್ರತಿಯೊಂದು ವಾಕ್ಯಕ್ಕೂ ಠಾಣೆಯವರು ಹೌದು ಎನ್ನಬೇಕು, ಇಲ್ಲವೇ ಅಲ್ಲ ಎನ್ನಬೇಕು. ಮೊದಲನೆಯದು ಅಸ್ಪಷ್ಟವೆಂಬ ಕಾರಣಕ್ಕೆ ಹೊಸ್ತಿಲಲ್ಲೇ ವಜಾ ಆಗುವ ಸಾಧ್ಯತೆ ಹೆಚ್ಚು.

ವಜಾ ಆಗುವ ಕಾರಣಗಳನ್ನು ತಿಳಿದಿರುವುದು ಒಳ್ಳೆಯದು. ಹೆಸರಿಲ್ಲದ ದೂರು, ಕ್ಷುಲ್ಲಕ ದೂರು, ನೌಕರಿಯ ಬಡ್ತಿ ವರ್ಗಾವಣೆಗಳ ತಕರಾರು, ಜಮೀನಿನ ಸಿವಿಲ್ ವ್ಯಾಜ್ಯ, ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ವಿಷಯ ಇವನ್ನು ಆಯೋಗ ಮುಟ್ಟುವುದಿಲ್ಲ. ದೂರು ಇರಬೇಕಾದದ್ದು ಸಾರ್ವಜನಿಕ ನೌಕರನ ಮೇಲೆ. ಹಕ್ಕನ್ನು ಅವನು ಉಲ್ಲಂಘಿಸಿರಬೇಕು, ಅಥವಾ ಉಲ್ಲಂಘನೆಯನ್ನು ತಡೆಯುವಲ್ಲಿ ನಿರ್ಲಕ್ಷ್ಯ ತೋರಿರಬೇಕು. ಹಾಗಾಗಿ ಊರಿನ ಪ್ರಬಲರು ಕೇರಿಯವರ ದಾರಿ ಮುಚ್ಚಿದರೆ ಪ್ರಬಲರ ಮೇಲಷ್ಟೇ ಬರೆದರೆ ಸಾಲದು; ದೂರು ದಾಖಲಿಸದೆ ವಾಪಸು ಕಳುಹಿಸಿದ ಠಾಣಾಧಿಕಾರಿ, ಮನವಿ ಪಡೆದು ಸುಮ್ಮನಿದ್ದ ತಹಶೀಲ್ದಾರ್ ಇವರ ನಿರ್ಲಕ್ಷ್ಯವನ್ನು ದಿನಾಂಕ ಸಮೇತ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗಡುವು: ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ನಡೆಸುವಂತಿಲ್ಲ ಎಂದು ಕಾಯ್ದೆಯ 36ನೆಯ ಕಲಮು ಹೇಳುತ್ತದೆ, ಸುಪ್ರೀಂ ಕೋರ್ಟೂ ಈ ಮಿತಿಯನ್ನು ಎತ್ತಿಹಿಡಿದಿದೆ. ನೊಂದವರಿಗೆ ಹೆದರಿಕೆ ಬಿಟ್ಟು ಬಾಯಿ ಬರುವುದಕ್ಕೇ ಒಂದೊಂದು ಸಲ ವರ್ಷ ಬೇಕಾಗುತ್ತದೆ ಎಂಬುದನ್ನು ಕಂಡಿರುವ ನನಗೆ ಈ ಮಿತಿ ಕ್ರೂರವಾಗಿಯೇ ತೋರುತ್ತದೆ.

ಒಳಗೆ ಹೋದ ದೂರಿನ ದಾರಿ ಸರಳ. ಆಯೋಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೋ ಜಿಲ್ಲಾಧಿಕಾರಿಗೋ ಮುಖ್ಯ ಕಾರ್ಯದರ್ಶಿಗೋ ನೋಟಿಸ್ ಕೊಟ್ಟು ವರದಿ ಕೇಳುತ್ತದೆ. ಸಾಕ್ಷಿಗಳನ್ನು ಕರೆಸುವುದರಲ್ಲಿ, ದಾಖಲೆ ತರಿಸುವುದರಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಈ ಹಂತದಲ್ಲಿ ಸೇವೆ ನಿಜಕ್ಕೂ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ‘ನಿಮ್ಮವನು ನಮ್ಮಲ್ಲಿಗೆ ಬಂದೇ ಇಲ್ಲ’ ಎಂದು ಬಾಯಿಮಾತಿನಲ್ಲಿ ಹೇಳುತ್ತಿದ್ದವರು ಅದೇ ಮಾತನ್ನು ಸಹಿ ಮಾಡಿ ಬರೆದುಕೊಡಬೇಕಾಗುತ್ತದೆ, ಮತ್ತು ಬರೆದದ್ದು ಮುಂದೆ ಹೈಕೋರ್ಟಿನಲ್ಲಿ ತಮಗೇ ತಿರುಗಿಕೊಳ್ಳಬಹುದೆಂಬ ಅರಿವು ಅವರಿಗಿರುತ್ತದೆ. ವರದಿ ಬಹುಮಟ್ಟಿಗೆ ‘ದೂರುದಾರರ ಆರೋಪ ನಿರಾಧಾರವಾಗಿರುತ್ತದೆ’ ಎಂಬ ಧಾಟಿಯಲ್ಲೇ ಇರುತ್ತದೆನ್ನಿ. ಅದರ ಪ್ರತಿಯನ್ನು ಕಳುಹಿಸಿ ನಿಮ್ಮ ಹೇಳಿಕೆ ಕೇಳಿದಾಗ ಅನೇಕರು ‘ಮುಗಿಯಿತು’ ಎಂದು ಕೈಚೆಲ್ಲುತ್ತಾರೆ. ಕೆಲಸ ಶುರುವಾಗುವುದೇ ಅಲ್ಲಿಂದ. ವರದಿಯ ಒಂದೊಂದು ಸಾಲಿಗೂ ಉತ್ತರ ಬರೆದು, ಆಸ್ಪತ್ರೆಯ ಚೀಟಿ, ಫೋಟೊ, ನೆರೆಯವರ ಹೇಳಿಕೆ ಲಗತ್ತಿಸಿ ಕಳುಹಿಸಬೇಕು. ಉತ್ತರ ಹೋಗದಿದ್ದರೆ ಕಡತ ಮುಚ್ಚುವುದು ವಾಡಿಕೆ.

ಪೊಲೀಸ್ ವಶದಲ್ಲಿನ ಸಾವು ನೋವುಗಳ ವಿಷಯದಲ್ಲಿ ಈ ಸೇವೆ ಉಳಿದೆಲ್ಲಕ್ಕಿಂತ ಮೇಲು. ಠಾಣೆಯಲ್ಲೋ ಜೈಲಿನಲ್ಲೋ ಯಾರಾದರೂ ಸತ್ತರೆ 24 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ಆಯೋಗ 1993ರ ಡಿಸೆಂಬರ್‌ನಲ್ಲಿಯೇ, ಅಂದರೆ ತಾನು ಹುಟ್ಟಿದ ಎರಡು ತಿಂಗಳಿಗೆ, ಸೂಚನೆ ಹೊರಡಿಸಿತು. ಇಂಥ ಸಾವುಗಳ ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಮಾಡಬೇಕೆಂದು 1995ರಲ್ಲಿ ಹೇಳಿತು. ಹೆಣವನ್ನು ಸದ್ದಿಲ್ಲದೆ ಸುಟ್ಟು ಮುಗಿಸುವ ದಾರಿಯನ್ನು ಈ ಎರಡು ಕ್ರಮಗಳು ಎಷ್ಟೋ ಮಟ್ಟಿಗೆ ಕಿರಿದಾಗಿಸಿವೆ. ಇದಕ್ಕೆ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಕೊಟ್ಟ ಆದೇಶವನ್ನು ಸೇರಿಸಿಕೊಂಡು ಓದಬೇಕು. ದೇಶದ ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್ಪು, ಮೊಗಸಾಲೆ, ಇನ್‌ಸ್ಪೆಕ್ಟರರ ಕೊಠಡಿ ಎಲ್ಲ ಕಡೆ ಸಿಸಿಟಿವಿ ಇರಬೇಕು. ಠಾಣೆಯಲ್ಲಿ ಹಕ್ಕಿಗೆ ಭಂಗ ಬಂದವರು ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ದೃಶ್ಯಾವಳಿಯನ್ನು ತರಿಸಿಕೊಳ್ಳಬಹುದು. ಇದನ್ನೆಲ್ಲ ತಿಳಿಸುವ ದೊಡ್ಡ ಫಲಕ ಸ್ಥಳೀಯ ಭಾಷೆಯಲ್ಲಿಯೂ ಠಾಣೆಯ ಬಾಗಿಲಲ್ಲಿರಬೇಕು ಎಂದು ಆ ಆದೇಶ ವಿಧಿಸಿದೆ. ನಿಮ್ಮೂರಿನ ಠಾಣೆಯ ಮುಂದೆ ಆ ಫಲಕವಿದೆಯೇ ಎಂದು ಒಮ್ಮೆ ನೋಡಿಕೊಂಡು ಬನ್ನಿ. ಇರಲಿ ಬಿಡಲಿ, ದೂರಿನಲ್ಲಿ ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯಾವಳಿಯನ್ನು ಕೂಡಲೇ ಕಾಪಿಡಲು ಆದೇಶಿಸಬೇಕೆಂಬ ಒಂದು ಸಾಲು ಇರಲೇಬೇಕು, ಮತ್ತು ಆ ದೂರು ಮೊದಲ ವಾರದಲ್ಲೇ ಹೋಗಬೇಕು. ‘ಹಾರ್ಡ್‌ಡಿಸ್ಕ್ ಕೆಟ್ಟಿತ್ತು’ ಎಂಬ ಉತ್ತರ ತಡವಾದಷ್ಟೂ ಸಲೀಸು.

ಕನ್ನಡ ನಾಡಿಗೆ ಹತ್ತಿರದ ದೊಡ್ಡ ನಿದರ್ಶನವೆಂದರೆ ವೀರಪ್ಪನ್ ಬೇಟೆಯ ಕಾಲದ್ದು. ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ವಿಶೇಷ ಕಾರ್ಯಪಡೆ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ, ಹಾಡಿಗಳಲ್ಲಿ ನಡೆಸಿದ ಚಿತ್ರಹಿಂಸೆ, ಅಕ್ರಮ ಬಂಧನಗಳ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಸಿಬಿಐನ ನಿವೃತ್ತ ನಿರ್ದೇಶಕ ಸಿ.ವಿ. ನರಸಿಂಹನ್ ಅದರ ಇನ್ನೊಬ್ಬ ಸದಸ್ಯರು. ಕಾಡಂಚಿನ ಸೋಲಿಗರು, ಕೂಲಿಕಾರರು, ಹೆಂಗಸರು ಸಮಿತಿಯ ಮುಂದೆ ಬಂದು ತಮಗಾದದ್ದನ್ನು ಹೇಳಿದರು. ಅಧಿಕಾರಸ್ಥರು ಅವರ ಮಾತನ್ನು ಕೂತು ಕೇಳಿ ಬರೆದುಕೊಂಡದ್ದೇ ಆ ಭಾಗಕ್ಕೆ ಹೊಸದಾಗಿತ್ತು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರವನ್ನು ಶಿಫಾರಸು ಮಾಡಿತು. ಅಷ್ಟರಲ್ಲಿ ಸಮಿತಿ ನೇಮಕವಾಗಿ ಏಳು ವರ್ಷ ಕಳೆದಿತ್ತು. ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು. ಈ ಒಂದು ಪ್ರಕರಣದಲ್ಲಿ ಸೇವೆಯ ಗುಣವೂ ದೋಷವೂ ಒಟ್ಟಿಗೆ ಕಾಣುತ್ತವೆ: ಬೇರೆ ಯಾವ ಕಚೇರಿಯೂ ಕೇಳದಿದ್ದುದನ್ನು ಅದು ಕೇಳಿತು, ದಾಖಲಿಸಿತು, ಹಣ ಕೊಡಿಸಿತು, ಆದರೆ ಕೊನೆಗೆ ಕೈಗೆ ಬಂದದ್ದು ಹಣವೇ, ಅದೂ ತೀರ ತಡವಾಗಿ.

ಏಕೆಂದರೆ ಕಾಯ್ದೆಯ 18ನೆಯ ಕಲಮಿನಂತೆ ವಿಚಾರಣೆಯ ಕೊನೆಯಲ್ಲಿ ಆಯೋಗ ಮಾಡಬಹುದಾದದ್ದು ಶಿಫಾರಸು. ಪರಿಹಾರ ಕೊಡಿ, ಮೊಕದ್ದಮೆ ಹೂಡಿ, ಇಲಾಖಾ ಕ್ರಮ ಕೈಗೊಳ್ಳಿ ಎಂದು ಹೇಳಬಹುದು, ತಾನೇ ಮಾಡಲಾರದು. ಸರ್ಕಾರ ಒಪ್ಪದಿದ್ದರೆ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗಬೇಕು. ಆಯೋಗವನ್ನು ‘ಹಲ್ಲಿಲ್ಲದ ಹುಲಿ’ ಎಂದು 2016ರಲ್ಲಿ ಕರೆದವರು ಹೊರಗಿನವರಲ್ಲ, ಅಂದಿನ ಅಧ್ಯಕ್ಷರಾಗಿದ್ದ, ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ನ್ಯಾಯಮೂರ್ತಿ ಎಚ್.ಎಲ್. ದತ್ತು. (ಅವರಿಗಿಂತ ಮೊದಲು ಎಂ.ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರ ಬಾಬು ಕೂಡ ಆ ಕುರ್ಚಿಯಲ್ಲಿ ಕೂತಿದ್ದರು. ಕರ್ನಾಟಕ ಹೈಕೋರ್ಟಿನಿಂದ ಹೋದವರಿಗೂ ಈ ಆಯೋಗಕ್ಕೂ ಹಳೆಯ ನಂಟು.) 2021ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣ ಪೀಠ ಆಯೋಗದ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವಂಥದ್ದೇ ಎಂದು ತೀರ್ಪಿತ್ತಿತು. ನನಗೆ ಸರಿಯೆನಿಸುವುದು ಆ ನೋಟವೇ. ಸಲಹೆ ಕೊಡುವುದಷ್ಟೇ ಉದ್ದೇಶವಾಗಿದ್ದರೆ ಸಾಕ್ಷಿಗಳನ್ನು ಪ್ರಮಾಣದ ಮೇಲೆ ವಿಚಾರಿಸುವ ಅಧಿಕಾರವನ್ನು ಸಂಸತ್ತು ಯಾಕೆ ಕೊಡುತ್ತಿತ್ತು?

ಹಲ್ಲಿನ ಮಾತು ಹಾಗಿರಲಿ, ಕಣ್ಣಿನ ದೋಷವೂ ಇದೆ. ಆಯೋಗದ ತನಿಖಾ ವಿಭಾಗದಲ್ಲಿ ಕೆಲಸ ಮಾಡುವವರು ನಿಯೋಜನೆಯ ಮೇಲೆ ಬಂದ ಪೊಲೀಸರು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡುವುದಾದರೆ ಸ್ವತಂತ್ರ ಸಂಸ್ಥೆ ಯಾಕೆ ಬೇಕಾಗಿತ್ತು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರವಿಲ್ಲ. ಲೋಕದ ಮಾನವ ಹಕ್ಕು ಸಂಸ್ಥೆಗಳಿಗೆ ದರ್ಜೆ ಕೊಡುವ ಜಾಗತಿಕ ಒಕ್ಕೂಟದ ಸಮಿತಿಯೂ ಇದನ್ನೇ ಎತ್ತಿ ತೋರಿಸಿದೆ. 1999ರಿಂದ ‘ಎ’ ದರ್ಜೆಯಲ್ಲಿದ್ದ ನಮ್ಮ ಆಯೋಗದ ಮರುಮಾನ್ಯತೆಯನ್ನು 2023ರಲ್ಲಿ, ಮತ್ತೆ 2024ರಲ್ಲಿ ಅದು ಮುಂದೂಡಿತು. ಸಶಸ್ತ್ರ ಪಡೆಗಳ ಮೇಲಿನ ದೂರಾದರೆ ಆಯೋಗ ತಾನಾಗಿ ವಿಚಾರಣೆಯನ್ನೇ ನಡೆಸುವಂತಿಲ್ಲ, ಕೇಂದ್ರದಿಂದ ವರದಿ ಕೇಳಿ ಶಿಫಾರಸು ಮಾಡಬಹುದಷ್ಟೇ. ಮೇಲಾಗಿ ಕುರ್ಚಿಗಳು ಖಾಲಿ ಬೀಳುವ ಚಾಳಿ. 2024ರ ಜೂನ್‌ನಿಂದ ಡಿಸೆಂಬರ್‌ವರೆಗೆ ರಾಷ್ಟ್ರೀಯ ಆಯೋಗಕ್ಕೆ ಪೂರ್ಣಾವಧಿ ಅಧ್ಯಕ್ಷರೇ ಇರಲಿಲ್ಲ. ನಮ್ಮ ರಾಜ್ಯ ಆಯೋಗವೂ 2012ರ ನಂತರ ಬಹುಕಾಲ ಅದೇ ಸ್ಥಿತಿಯಲ್ಲಿತ್ತು.

ಜೀತದ ಪ್ರಕರಣಗಳಲ್ಲಿ ಮಾತ್ರ ಈ ಸೇವೆಯನ್ನು ಹಿಂದುಮುಂದು ನೋಡದೆ ಬಳಸಿ ಎನ್ನುತ್ತೇನೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಜಾರಿಯ ಮೇಲೆ ಕಣ್ಣಿಡುವ ಕೆಲಸವನ್ನು ಸುಪ್ರೀಂ ಕೋರ್ಟೇ 1997ರಲ್ಲಿ ಆಯೋಗಕ್ಕೆ ವಹಿಸಿದೆ. ಇಟ್ಟಿಗೆ ಗೂಡಿನಲ್ಲೋ ಕಲ್ಲುಕ್ವಾರಿಯಲ್ಲೋ ಮುಂಗಡದ ಸಾಲಕ್ಕೆ ಸಿಕ್ಕಿಬಿದ್ದ ಕುಟುಂಬವಿದೆಯೆಂದು ತಿಳಿದರೆ ಜಿಲ್ಲಾಧಿಕಾರಿಗೂ ಆಯೋಗಕ್ಕೂ ಒಟ್ಟಿಗೆ ಬರೆಯಿರಿ. ಇಲ್ಲಿ ಕೇಳಬೇಕಾದ ಕಾಗದ ಬಿಡುಗಡೆ ಪತ್ರ. ಅದಿಲ್ಲದೆ ಬಿಡಿಸಿ ತಂದವರಿಗೆ ಪುನರ್ವಸತಿಯ ಹಣ ಸಿಗುವುದು ದುಸ್ತರ, ಹಣವಿಲ್ಲದಿದ್ದರೆ ಅವರು ಅದೇ ಮಾಲೀಕನ ಬಳಿಗೆ ಮರಳುತ್ತಾರೆ. ಪತ್ರ ಕೊಡಲು ಮೀನಮೇಷ ಎಣಿಸುವ ಕಚೇರಿಗೆ ಆಯೋಗದ ಒಂದು ನೋಟಿಸು ಮಾಡುವ ಕೆಲಸವನ್ನು ಹತ್ತು ಜ್ಞಾಪನಾ ಪತ್ರಗಳು ಮಾಡುವುದಿಲ್ಲ.

ಕೊಲ್ಲಿ ದೇಶಗಳಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು ಸಂಬಳ ಕೊಡದೆ ಸತಾಯಿಸುವ ಮಾಲೀಕರ ಬಗ್ಗೆ ಕರಾವಳಿಯ ಕುಟುಂಬಗಳು ಈ ಆಯೋಗಕ್ಕೆ ಬರೆಯುವುದುಂಟು. ಅಲ್ಲಿನ ಮಾಲೀಕ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ರಾಯಭಾರ ಕಚೇರಿ ಮತ್ತು ವಿದೇಶಾಂಗ ಇಲಾಖೆಯ ‘ಮದದ್’ ಜಾಲತಾಣವೇ ದಾರಿ. ಇಲ್ಲಿ ಕೆಲಸವಾಗದಿದ್ದರೆ ವಿಶ್ವಸಂಸ್ಥೆಗೆ ಹೋಗುತ್ತೇನೆ ಎಂದು ಆವೇಶದಿಂದ ಹೇಳುವವರೂ ತಿಳಿದಿರಬೇಕಾದದ್ದು: ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿದೆಯಾದರೂ, ವ್ಯಕ್ತಿಗಳು ನೇರವಾಗಿ ಅದರ ಸಮಿತಿಗೆ ದೂರು ಕೊಡಲು ಅವಕಾಶ ನೀಡುವ ಐಚ್ಛಿಕ ಪ್ರೋಟೋಕಾಲಿಗೆ ಸೇರಿಲ್ಲ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ್ದೂ ಸಹಿಯಾಗಿಯೇ ಉಳಿದಿದೆ, ಅನುಮೋದನೆಯಾಗಿಲ್ಲ. ಹೀಗಾಗಿ ಸಾಮಾನ್ಯನಿಗೆ ದೇಶದ ಒಳಗಿನ ಬಾಗಿಲುಗಳೇ ಗತಿ.

ರಾಜ್ಯ ಆಯೋಗವೋ ರಾಷ್ಟ್ರೀಯ ಆಯೋಗವೋ ಎಂದು ಕೇಳುವವರಿಗೆ: ಎರಡಕ್ಕೂ ಒಟ್ಟಿಗೆ ಬರೆಯಬೇಡಿ, ಒಂದರಲ್ಲಿ ಬಾಕಿಯಿರುವುದನ್ನು ಇನ್ನೊಂದು ವಿಚಾರಿಸುವುದಿಲ್ಲ. ಖುದ್ದಾಗಿ ಹೋಗಿ ಕನ್ನಡದಲ್ಲಿ ಮಾತನಾಡುವ ಅಗತ್ಯವಿದ್ದರೆ ಬೆಂಗಳೂರಿನದೇ ವಾಸಿ. ಪೊಲೀಸ್ ವಶದಲ್ಲಿನ ಸಾವು, ಅಂತರರಾಜ್ಯ ಜೀತ ಇಂಥವಾದರೆ ದೆಹಲಿಯದು. ಮನುಷ್ಯ ಇನ್ನೂ ಅಕ್ರಮ ಬಂಧನದಲ್ಲಿದ್ದರೆ ಎರಡೂ ಬೇಡ, ಆ ದಿನವೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಬಂಧನದಲ್ಲಿರುವವನನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ, ಹಾಕಿಸಬೇಕು. ಅದಕ್ಕೆ ವಕೀಲರಿಗೆ ಹಣವಿಲ್ಲವೆಂದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ನನ್ನ ಬಳಿಗೆ ಬಂದವರಿಗೆ ನಾನು ದೂರಿನ ಮೂರು ಪ್ರತಿ ಮಾಡಿಸುತ್ತೇನೆ: ಒಂದು ಪೊಲೀಸ್ ವರಿಷ್ಠಾಧಿಕಾರಿಗೆ, ಒಂದು ಆಯೋಗಕ್ಕೆ, ಇನ್ನೊಂದರ ಮೇಲೆ ಆ ಎರಡರ ಸ್ಪೀಡ್ ಪೋಸ್ಟ್ ರಸೀತಿಗಳನ್ನು ಅಂಟಿಸಿ ಮನೆಯಲ್ಲಿಡಲು.